ಉತ್ತರದ ಸಂದಿಯ ಶುಂಠಿ ಬಳಗ

ಬೆಂಗಳೂರಿನಲ್ಲಿ 30-40 ಸೈಟಿನ ಮನೆ ಅಂದರೆ ಅದಕ್ಕೊಂದು ಸಂದಿ ಇದ್ದೇ ಇರುತ್ತದೆ. ಮನೆ ಗೋಡೆಗೂ ಕಾಂಪೌಂಡಿಗೂ ನಡುವೆ ಮೂರಡಿ ಜಾಗ. ಹೆಚ್ಚೆಂದರೆ ನಾಲ್ಕಡಿ. ಅಲ್ಲಿ ಚೇಂಬರಿನ ಮುಚ್ಚಳ ಇರುತ್ತದೆ, ಮಳೆನೀರಿನ ಪೈಪು ಇಳಿದಿರುತ್ತದೆ. ಉಳಿದ ಜಾಗದಲ್ಲಿ ಒಂದು ಏಣಿ, ಮಿಕ್ಕಿದ ಟೈಲ್ಸು, ಬಣ್ಣದ ಹಳೇ ಡಬ್ಬಿಗಳು. ಪಕ್ಕದ ಮನೆಯ ಮೇಲೆ ಇನ್ನೆರಡು ಮಹಡಿ ಎದ್ದರೆ ಇದ್ದಬದ್ದ ಬೆಳಕೂ ಕಮ್ಮಿಯಾಗುತ್ತದೆ. "ಅಲ್ಲಿ ಏನೂ ಬರಲ್ಲ ಬಿಡಿ" ಅಂತ ಎಲ್ಲರೂ ಹೇಳುತ್ತಾರೆ.

ಬರುತ್ತದೆ. ಶುಂಠಿ, ಅರಿಶಿನ, ಏಲಕ್ಕಿಯ ಕುಟುಂಬದಲ್ಲಿ ಹೂವಿಗಾಗಿ, ಎಲೆಯ ಚಂದಕ್ಕಾಗಿ ಬೆಳೆಸುವ ಗಿಡಗಳು ಎಷ್ಟೋ ಇವೆ. ಅವುಗಳಲ್ಲಿ ಕೆಲವು ಮೊಣಕಾಲಿಗಿಂತ ಎತ್ತರ ಹೋಗುವುದಿಲ್ಲ. ಕೆಲವು ನೆಲಕ್ಕೇ ಅಂಟಿಕೊಂಡು ಬೆಳೆಯುತ್ತವೆ. ಕಾಡಿನಲ್ಲಿ ಇವು ಮರದ ಬುಡದಲ್ಲಿ, ಮಬ್ಬು ಬೆಳಕಿನಲ್ಲಿ, ತರಗೆಲೆಯ ನಡುವೆ ಬದುಕುವ ಗಿಡಗಳು. ನೆರಳೇ ಅವುಗಳ ಹುಟ್ಟೂರು. ನಮ್ಮ ಮನೆ ಬನಶಂಕರಿ ಕಡೆ, ಪೂರ್ವಕ್ಕೆ ಬಾಗಿಲು. ಸಂದಿ ಇರುವುದು ಉತ್ತರದ ಪಕ್ಕ. ಹಲವು ವರ್ಷಗಳಿಂದ ಅಲ್ಲಿ ಈ ಬಳಗವನ್ನು ಸಾಕುತ್ತಿದ್ದೇನೆ. ಈ ಊರಿನ ಸಂದಿಗೂ ಈ ಗಿಡಗಳಿಗೂ ಎಷ್ಟು ಚೆನ್ನಾಗಿ ಹೊಂದುತ್ತದೆ ಅನ್ನುವುದನ್ನು ಇನ್ನಷ್ಟು ಜನ ತಿಳಿಯಬೇಕು ಅಂತ ನನ್ನ ಆಸೆ.

ಬಳಗದ ಹಿರಿಯಳು ಸುರುಳಿ ಸುಗಂಧಿ. ಮಲೆನಾಡು, ಕರಾವಳಿಯವರಿಗೆ ಇದರ ಪರಿಚಯ ಹೇಳಬೇಕಿಲ್ಲ. ನಮ್ಮ ಅತ್ತೆ ತೀರ್ಥಹಳ್ಳಿ ಕಡೆಯವರು. ಅವರ ತವರಿನಲ್ಲಿ ಬಚ್ಚಲ ನೀರು ಹರಿದುಹೋಗುವ ಕಡೆ ಇದರ ಹಿಂಡೇ ಇತ್ತಂತೆ. ಸಂಜೆ ಮೊಗ್ಗು ಬಿರಿಯುವ ಹೊತ್ತಿಗೆ ಕಿತ್ತು ಮುಡಿಯುತ್ತಿದ್ದರಂತೆ. ಬೆಂಗಳೂರಿನ ಮನೆಗೆ ಬಂದ ಮೊದಲ ಗೆಡ್ಡೆ ಅವರ ಕೈಯಿಂದಲೇ ಬಂದದ್ದು.

ಈ ಹೂವನ್ನು ಒಮ್ಮೆ ಬಿಡಿಸಿ ನೋಡಿ. ನಾವು ದಳ ಅಂದುಕೊಳ್ಳುವ ಅಗಲವಾದ ಬಿಳಿ ಭಾಗಗಳು ದಳಗಳಲ್ಲ. ಕೇಸರಗಳೇ ರೂಪ ಬದಲಿಸಿ ಹಾಗಾಗಿವೆ. ನಿಜವಾದ ದಳಗಳು ಸಣ್ಣ ಪಟ್ಟಿಗಳಾಗಿ ಹಿಂದೆ ಇಳಿಬಿದ್ದಿರುತ್ತವೆ, ಯಾರೂ ಅವನ್ನು ಗಮನಿಸುವುದಿಲ್ಲ. ಪರಾಗ ಕೊಡುವ ಕೇಸರ ಉಳಿದಿರುವುದು ಒಂದೇ ಒಂದು. ಹೂವಿನ ಹೆಣ್ಣು ಭಾಗದ ತೆಳ್ಳನೆಯ ಎಳೆ ಆ ಕೇಸರದ ಎರಡು ಹೋಳುಗಳ ನಡುವೆ ತೂರಿಕೊಂಡು ತುದಿಯಲ್ಲಿ ಹೊರಗೆ ಇಣುಕುತ್ತದೆ. ಅಡುಗೆಗೆ ಬಳಸುವ ಶುಂಠಿಯ ಹೂವಿನಲ್ಲೂ ಏಲಕ್ಕಿಯ ಹೂವಿನಲ್ಲೂ ಇದೇ ಕಟ್ಟು. ಪರಿಮಳ ಕತ್ತಲಾದ ಮೇಲೆ ಜಾಸ್ತಿ, ಯಾಕೆಂದರೆ ಇದು ಕಾಯುವುದು ರಾತ್ರಿಯ ಅತಿಥಿಗಾಗಿ. ಉದ್ದ ಕೊಳವೆಯ ತಳದಲ್ಲಿರುವ ಮಕರಂದಕ್ಕೆ ನಾಲಗೆ ಚಾಚಬಲ್ಲದ್ದು ಹಾಕ್‌ಮಾತ್ ಅನ್ನುವ ದೊಡ್ಡ ಪತಂಗ. ಅದು ಹೂವಿನ ಮೇಲೆ ಕೂರುವುದೂ ಇಲ್ಲ, ಗಾಳಿಯಲ್ಲಿ ನಿಂತೇ ಕುಡಿಯುತ್ತದೆ. 1783ರಲ್ಲಿ ಈ ಗಿಡಕ್ಕೆ ಹೆಡಿಕಿಯಂ ಕೊರೊನೇರಿಯಂ ಅಂತ ಹೆಸರಿಟ್ಟವನು ಯೋಹಾನ್ ಗೆರ್ಹಾರ್ಡ್ ಕ್ಯೋನಿಗ್. ತಮಿಳುನಾಡಿನ ತರಂಗಂಬಾಡಿಯ ಡೇನಿಶ್ ಮಿಷನ್ನಿಗೆ ವೈದ್ಯನಾಗಿ ಬಂದು, ಕೊನೆಗೆ ಈ ನೆಲದ ಗಿಡಗಳಿಗೇ ಬಾಳನ್ನು ಕೊಟ್ಟವನು. ಪೂರ್ವ ಹಿಮಾಲಯದ ಕಡೆಯ ಈ ಹೂವು ಈಗ ದೂರದ ಕ್ಯೂಬಾ ದೇಶದ ರಾಷ್ಟ್ರೀಯ ಹೂವು.

ಆದರೆ ಮೂರಡಿ ಸಂದಿಗೆ ಸುರುಳಿ ಸುಗಂಧಿ ದೊಡ್ಡದು. ಆಳೆತ್ತರಕ್ಕೆ ಹೋಗುತ್ತದೆ. ನೆರಳು ಜಾಸ್ತಿಯಾದರೆ ಬೆಳಕಿನ ಕಡೆಗೆ ವಾಲಿ, ಎಲೆ ಬಿಟ್ಟು ಬಿಟ್ಟು ಹೂ ಕಮ್ಮಿ ಮಾಡುತ್ತದೆ. ಹಾಗಾಗಿ ನಮ್ಮಲ್ಲಿ ಅದು ಇರುವುದು ಸಂದಿಯ ಪೂರ್ವದ ತುದಿಯಲ್ಲಿ, ಗೇಟಿನ ಹತ್ತಿರ. ಬೆಳಗಿನ ಬಿಸಿಲು ಅಲ್ಲಿ ಸಿಗುತ್ತದೆ. ಒಳಗೆ ಹೋದಷ್ಟೂ ಗಿಡಗಳ ಎತ್ತರ ಇಳಿಯುತ್ತಾ ಹೋಗುತ್ತದೆ. ತಂಪು ದೇಶದ ತೋಟಗಾರರು ಗಿಡ್ಡ ಜಾತಿ ಬೇಕು ಅಂದಾಗ ಹಿಮಾಲಯದ ಕಾಟ್ಲಿಯಾ, ರೋಸ್ಕೋಯಾ ತರಿಸುತ್ತಾರೆ. ಕಾಟ್ಲಿಯಾಕ್ಕೆ ಆ ಹೆಸರು ಬಂದದ್ದು ಗಂಗಾ ಕಾಲುವೆ ಕಟ್ಟಿಸಿದ ಎಂಜಿನಿಯರ್ ಪ್ರೋಬಿ ಕಾಟ್ಲಿಯಿಂದ. ಚಂದದ ಗಿಡಗಳೇ. ಆದರೆ ಅವು ಬೆಟ್ಟದ ಮೇಲಿನ ಚಳಿಗೆ ಹುಟ್ಟಿದವು. ಫೋಟೋ ನೋಡಿ ಅವನ್ನು ಬೆಂಗಳೂರಿಗೆ ತರಿಸುವುದು ಬೇಡ ಅಂತ ನನ್ನ ಅಭಿಪ್ರಾಯ. ನಮಗೆ ಹೊಂದುವವು ಬೆಚ್ಚಗಿನ ಕಾಡಿನ ಚಿಕ್ಕವರು. ನೆಲಸಂಪಿಗೆ, ಕಚ್ಚೂರ, ಪೀಕಾಕ್ ಜಿಂಜರ್, ಗ್ಲೋಬಾ.

ಈಗ ಬಿಸಿಲಿನ ವಿಷಯ. ಉತ್ತರದ ಸಂದಿ ಅಂದರೆ ವರ್ಷವಿಡೀ ಒಂದೇ ಥರ ಕತ್ತಲೆ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಿಲ್ಲ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಅಂತ ಪೇಪರಿನಲ್ಲಿ ಬರುತ್ತದಲ್ಲ, ಮಕ್ಕಳು ಕೋಲು ನಿಲ್ಲಿಸಿ ನೆರಳು ಹುಡುಕುವ ದಿನ, ಅದೇ. ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೂ ನಮ್ಮ ಮಧ್ಯಾಹ್ನದ ಸೂರ್ಯ ಉತ್ತರದಲ್ಲಿರುತ್ತಾನೆ. ಜೂನ್ 21ಕ್ಕೆ ನೆತ್ತಿಯಿಂದ 10 ಡಿಗ್ರಿಗಿಂತ ತುಸು ಹೆಚ್ಚು ಉತ್ತರಕ್ಕೆ. ಆ ತಿಂಗಳುಗಳಲ್ಲಿ ಮನೆಯ ಉತ್ತರದ ಗೋಡೆಗೆ ನೇರ ಬಿಸಿಲು ತಾಗುತ್ತದೆ. ಪಕ್ಕದ ಮನೆ ತೀರಾ ಎತ್ತರ ಇಲ್ಲದಿದ್ದರೆ, ಸೂರ್ಯ ಹೆಚ್ಚುಕಮ್ಮಿ ತಲೆಯ ಮೇಲೇ ಇರುವುದರಿಂದ ಸಂದಿಯೊಳಗೂ ಸ್ವಲ್ಪ ಹೊತ್ತು ಬೆಳಕು ಇಳಿಯುತ್ತದೆ. ಡಿಸೆಂಬರಿನಲ್ಲಿ ಇದೆಲ್ಲ ತಿರುಗುಮುರುಗು. ಆಗ ಮಧ್ಯಾಹ್ನದ ಸೂರ್ಯ 36 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. 30 ಅಡಿ ಎತ್ತರದ ಮನೆ ನಡುಮಧ್ಯಾಹ್ನವೂ 22 ಅಡಿ ಉದ್ದದ ನೆರಳನ್ನು ಉತ್ತರಕ್ಕೆ ಚಾಚುತ್ತದೆ. ಸಂದಿ ಪೂರ್ತಿ ಮಬ್ಬು.

ಇನ್ನು ಈ ಗಿಡಗಳ ವರ್ಷ ಹೇಗಿದೆ ನೋಡಿ. ಏಪ್ರಿಲ್ ಕೊನೆಗೆ ಏಳುತ್ತವೆ. ಮೇ, ಜೂನಿನಲ್ಲಿ ಎಲೆ ಬಿಚ್ಚುತ್ತವೆ. ಮಳೆಗಾಲ ಪೂರ್ತಿ ಹೂ. ಅಕ್ಟೋಬರ್ ಕಳೆದ ಮೇಲೆ ಎಲೆ ಹಳದಿಯಾಗುತ್ತದೆ. ಡಿಸೆಂಬರಿನ ಹೊತ್ತಿಗೆ ಮಣ್ಣಿನ ಮೇಲೆ ಏನೂ ಉಳಿದಿರುವುದಿಲ್ಲ. ಸಂದಿಗೆ ಬೆಳಕು ಬರುವ ತಿಂಗಳುಗಳಲ್ಲಿ ಎದ್ದಿರುತ್ತವೆ, ಬೆಳಕು ಹೋದಾಗ ಮಲಗಿರುತ್ತವೆ. ಮಳೆ ನಕ್ಷತ್ರದ ಲೆಕ್ಕ ಹಾಕುವವರಿಗೆ ಇದು ಇನ್ನೂ ಬೇಗ ಅರ್ಥವಾಗುತ್ತದೆ. ಭರಣಿ ಮಳೆ ಹುಟ್ಟುವುದು ಏಪ್ರಿಲ್ 27ರ ಸುಮಾರಿಗೆ, ಶೂನ್ಯ ನೆರಳಿನ ದಿನ ಕಳೆದ ಬೆನ್ನಲ್ಲೇ. ಸೂರ್ಯ ನೆತ್ತಿಗೆ ಬಂದ, ಮಳೆ ಬಂತು, ಗೆಡ್ಡೆ ಎದ್ದಿತು. ಮೂರೂ ಒಂದೇ ವಾರದ ಆಚೀಚೆ. ಜೂನ್ ಬಂದರೆ ಬೆಂಗಳೂರಿನ ಮೋಡ ಆ ಬಿಸಿಲನ್ನೂ ಸೋಸಿಯೇ ಕೊಡುತ್ತದೆ. ಮೇ ತಿಂಗಳ ಬಿಸಿಲು ಮಾತ್ರ ಖಾರ. ಎಳೆ ಎಲೆಯ ಅಂಚು ಕಂದಾಗುವಂತಿದ್ದರೆ ಆ ಕೆಲವು ವಾರ ಮೇಲೊಂದು ಹಸಿರು ನೆಟ್ ಕಟ್ಟಬೇಕು.

ನೆರಳಿನಲ್ಲೂ ಜಾತಿಗಳಿವೆ. ಮಾವಿನ ಮರದ ಕೆಳಗಿನ ನೆರಳು ಒಣ ನೆರಳು. ಮರದ ಬೇರು ನೀರನ್ನೆಲ್ಲ ಹೀರಿಕೊಳ್ಳುತ್ತದೆ. ಗೋಡೆಯ ನೆರಳು ತೇವದ ನೆರಳು, ಈ ಗಿಡಗಳಿಗೆ ಅದೇ ಮೇಲು. ಎದುರಿನ ಕಾಂಪೌಂಡಿಗೆ ಸುಣ್ಣದ ಬಿಳಿ ಬಳಿದಿದ್ದರೆ ಗಿಡಕ್ಕೆ ಸಿಗುವ ಬೆಳಕು ಕಣ್ಣಿಗೇ ಗೊತ್ತಾಗುವಷ್ಟು ಹೆಚ್ಚುತ್ತದೆ. ಎಸಿಯ ಹೊರಗಿನ ಡಬ್ಬ ಸಂದಿಗೆ ಬಿಸಿಗಾಳಿ ಊದುತ್ತಿದ್ದರೆ ಮಾತ್ರ ಆ ಜಾಗದಲ್ಲಿ ಇವನ್ನು ಇಡಬೇಡಿ.

ನೀರಿನ ಮಾತು ಬೆಳಕಿನದಕ್ಕಿಂತ ಮುಖ್ಯ. 2024ರ ಬೇಸಿಗೆ ಯಾರಿಗೂ ಮರೆತಿಲ್ಲ. ಮಾರ್ಚ್ ತಿಂಗಳಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಬಾರದು, ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ನೂರು ಕಿಲೋಮೀಟರ್ ದೂರದಿಂದ, ಅಷ್ಟು ಎತ್ತರಕ್ಕೆ ಪಂಪ್ ಮಾಡಿ ತರುವ ಕಾವೇರಿ ನೀರು ಅದು. ಆದೇಶ ನ್ಯಾಯವಾಗಿತ್ತು. ಆ ತಿಂಗಳಲ್ಲಿ ನಮ್ಮ ಬೀದಿಯ ಎಷ್ಟೋ ಮನೆಗಳ ಕುಂಡಗಳು ಒಣಗಿದವು. ನಮ್ಮ ಸಂದಿಯಲ್ಲಿ ಒಣಗುವುದಕ್ಕೆ ಏನೂ ಇರಲಿಲ್ಲ. ಎಲ್ಲವೂ ಮಣ್ಣಿನಡಿ ಮಲಗಿದ್ದವು. ಮಲಗಿದ ನೆಲಸಂಪಿಗೆಗೆ, ಗ್ಲೋಬಾಗೆ ಮಾರ್ಚಿನಲ್ಲಿ ನೀರು ಬೇಡವೇ ಬೇಡ. ಹಾಕಿದರೆ ಕೊಳೆಯುತ್ತವೆ. ಊರಿಗೆ ನೀರು ಇಲ್ಲದ ತಿಂಗಳಲ್ಲಿ ನೀರು ಕೇಳದ ಗಿಡ, ಮಳೆ ಬಂದಾಗ ಮಾತ್ರ ಎದ್ದು ಕುಡಿಯುವ ಗಿಡ. ಬೆಂಗಳೂರಿನಲ್ಲಿ ಹೊಸದಾಗಿ ಗಿಡ ಹಾಕುವವರು ಮೊದಲು ಇದನ್ನು ಯೋಚಿಸಬೇಕು ಅಂತ ನಾನು ನಂಬಿದ್ದೇನೆ. ಸುರುಳಿ ಸುಗಂಧಿಯೊಂದು ಇದಕ್ಕೆ ಹೊರತು. ಅದು ಪೂರ್ತಿ ಮಲಗುವುದಿಲ್ಲ, ಬೇಸಿಗೆಯಲ್ಲೂ ಸ್ವಲ್ಪ ತೇವ ಕೇಳುತ್ತದೆ. ಅಕ್ಕಿ, ತರಕಾರಿ ತೊಳೆದ ನೀರು ಅದಕ್ಕೆ ಸಾಕಾಗುತ್ತದೆ.

ಕುಂಡ ಖಾಲಿ ಕಾಣುವ ನಾಲ್ಕೈದು ತಿಂಗಳು ಗಿಡಕ್ಕೆ ಕಷ್ಟದ ಕಾಲವಲ್ಲ, ಮನೆಯವರಿಗೆ ಕಷ್ಟದ ಕಾಲ. ಮನೆಗೆಲಸಕ್ಕೆ ಬರುವ ಹುಡುಗಿ ಪ್ರತಿ ಚಳಿಗಾಲದಲ್ಲೂ ಕೇಳುತ್ತಾಳೆ: "ಅಕ್ಕ, ಪಾಟು ಸುಮ್ನೆ ಖಾಲಿ ಇದೆಯಲ್ಲಾ, ಕೊತ್ತಂಬ್ರಿ ಹಾಕ್ಲಾ?" ಬೇಡ ಅಂತ ಹೇಳಿ ಕುಂಡದ ಅಂಚಿಗೆ ಹೆಸರು ಬರೆದ ಒಂದು ಕಡ್ಡಿ ಚುಚ್ಚುತ್ತೇನೆ. ಹಾಗೆ ಗುರುತು ಇಟ್ಟರೆ ಯಾರೂ ಅಗೆಯುವುದಿಲ್ಲ, ಮಣ್ಣನ್ನು ಬೇರೆ ಕುಂಡಕ್ಕೆ ಸುರಿಯುವುದಿಲ್ಲ.

ಸಂದಿಯ ಮಣ್ಣು ಮಣ್ಣಲ್ಲ. ಮನೆ ಕಟ್ಟುವಾಗ ಬಿದ್ದ ಗಾರೆ, ಸಿಮೆಂಟು, ಇಟ್ಟಿಗೆ ಚೂರು, ಮಾರ್ಬಲ್ ಪುಡಿ. ಅದರಲ್ಲಿ ಸುಣ್ಣದ ಅಂಶ ಜಾಸ್ತಿ. ಗಿಡಕ್ಕೆ ಕಬ್ಬಿಣದ ಅಂಶ ಸಿಗದೆ ಹೊಸ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರು ಉಳಿಯುತ್ತದೆ. ಅದನ್ನು ನೋಡಿ ಗೊಬ್ಬರ ಸುರಿದರೆ ಪ್ರಯೋಜನವಿಲ್ಲ. ಒಂದಡಿ ಆಳದವರೆಗೆ ಆ ಕಸವನ್ನು ತೆಗೆಸಿ ಹೊರಗೆ ಹಾಕುವುದೇ ದಾರಿ. ನಾವು ಒಬ್ಬ ಗಾರೆ ಕೆಲಸದವರನ್ನು ಕರೆಸಿ ತೆಗೆಸಿದೆವು. ಆಮೇಲೆ ಕೆಂಪು ಮಣ್ಣು, ಚೆನ್ನಾಗಿ ಕಳಿತ ಎಲೆಗೊಬ್ಬರ, ಸ್ವಲ್ಪ ದಪ್ಪ ಮರಳು ಬೆರೆಸಿ ತುಂಬಿದೆವು. ಎಂ-ಸ್ಯಾಂಡ್ ಆದರೆ ದೂಳು ತೊಳೆದು ಹಾಕಬೇಕು, ಇಲ್ಲದಿದ್ದರೆ ಮಣ್ಣು ಗಟ್ಟಿಯಾಗುತ್ತದೆ. ಮನೆ ಗೋಡೆಯಿಂದ ಒಂದಡಿ ಬಿಟ್ಟು ಪಾತಿ ಮಾಡಿ, ಗೋಡೆಗೆ ತೇವ ಏರಬಾರದು. ಇವುಗಳ ಬೇರು ಮೇಲುಮೇಲೇ ಇರುತ್ತದೆ, ಅಡಿಪಾಯದ ತಂಟೆಗೆ ಹೋಗುವುದಿಲ್ಲ. ಚೇಂಬರಿನ ಮೇಲೆ ಕುಂಡ ಇಡುವುದಾದರೆ ಆಳದ್ದು ಬೇಡ, ಅಗಲ ಬಾಯಿಯದ್ದು ಇರಲಿ. ಗೆಡ್ಡೆ ಅಡ್ಡಡ್ಡ ಹರಡುತ್ತದೆ. ಒಂದೆರಡು ಇಂಚು ಮಣ್ಣು ಮುಚ್ಚಿದರೆ ಸಾಕು. ಮೇಲೆ ತರಗೆಲೆ ಹಾಸಿ. ರಸ್ತೆಯಲ್ಲಿ ಗುಡಿಸಿ ಗುಡ್ಡೆ ಹಾಕಿದ ಎಲೆಗಳನ್ನು ನಾನು ಚೀಲದಲ್ಲಿ ತುಂಬಿ ತರುತ್ತೇನೆ. ಅಲ್ಲೇ ಬಿಟ್ಟರೆ ಯಾರಾದರೂ ಬೆಂಕಿ ಹಚ್ಚುತ್ತಾರೆ.

ನೆಲಸಂಪಿಗೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಇದು ನನ್ನ ಮೆಚ್ಚಿನ ಗಿಡ. ಮೊದಲ ಮಳೆ ಬಿದ್ದ ಮೇಲೆ, ಒಂದು ಎಲೆಯೂ ಇಲ್ಲದ ಬರೀ ಮಣ್ಣಿನಿಂದ ನೇರವಾಗಿ ಹೂವೇ ಮೇಲೆ ಬರುತ್ತದೆ. ಬಿಳಿ ಮತ್ತು ತಿಳಿ ನೇರಳೆ ಬಣ್ಣ. ನೆಲದ ಮಟ್ಟದಲ್ಲೇ ಅರಳುವುದರಿಂದ ಬಗ್ಗಿ ಕೂತೇ ಮೂಸಬೇಕು. ಒಳ್ಳೆಯ ಪರಿಮಳ. ಒಂದೊಂದು ಹೂವೂ ಬಾಳುವುದು ಒಂದೇ ದಿನ, ಆದರೆ ಬುಡದಲ್ಲಿ ಮೊಗ್ಗುಗಳ ಸಾಲು ಇರುತ್ತದೆ. ಹೂವಿನ ಕೆಲಸ ಮುಗಿದ ಮೇಲೆ ಎಲೆ ಬರುತ್ತದೆ. ಮೇಲೆ ಹಸಿರಿನಲ್ಲಿ ಬೆಳ್ಳಿ ಬಣ್ಣದ ಗೆರೆಗಳು, ಕೆಳಗೆ ನೇರಳೆ. ಆ ಎಲೆಯೇ ಮಳೆಗಾಲವಿಡೀ ಸಂದಿಯನ್ನು ತುಂಬಿಕೊಳ್ಳುತ್ತದೆ. ಅಗೆದರೆ ಗೆಡ್ಡೆಯ ಸುತ್ತ ದುಂಡನೆಯ ಸಣ್ಣ ಗಂಟುಗಳು ಬೇರಿಗೆ ಜೋತುಬಿದ್ದಿರುತ್ತವೆ. ಬೇಸಿಗೆ ಕಳೆಯಲು ಕೂಡಿಟ್ಟ ಬುತ್ತಿ ಅದು. ಗೆಡ್ಡೆ ಬಿಡಿಸುವಾಗ ಆ ಗಂಟುಗಳನ್ನು ಮುರಿಯಬಾರದು. ಸಿದ್ದಾಪುರದ ನರ್ಸರಿಯೊಂದರಲ್ಲಿ ಚಳಿಗಾಲದಲ್ಲಿ ಬರೀ ಮಣ್ಣಿನ ಕವರು ಕಂಡು "ಇದರಲ್ಲಿ ಏನಿದೆ ಅಣ್ಣಾ?" ಅಂತ ಕೇಳಿದ್ದೆ. "ಗೆಡ್ಡೆ ಇದೆ ಮೇಡಂ. ಯುಗಾದಿ ಕಳೆದು ಮಳೆ ಬಂದ್ಮೇಲೆ ನಿಮಗೇ ಗೊತ್ತಾಗುತ್ತೆ" ಅಂದರು. ಹಾಗೆಯೇ ಆಯಿತು.

ಕಚ್ಚೂರ ಇದರ ಹತ್ತಿರದ ನೆಂಟ. ಎರಡು ಮೂರು ಅಗಲ ಎಲೆ, ನೆಲಕ್ಕೆ ಒತ್ತಿಕೊಂಡು. ಹೂ ಬಿಳಿ, ನಡುವೆ ನೇರಳೆ ಮಚ್ಚೆ. ಗೆಡ್ಡೆಯೂ ಘಮ ಘಮ. ಪೀಕಾಕ್ ಜಿಂಜರ್ ಕೂಡ ಇದೇ ಕುಲದ್ದು, ಥಾಯ್ಲೆಂಡ್, ಬರ್ಮಾ ಕಡೆಯದು. ನವಿಲುಗರಿಯ ಬಣ್ಣಗಾರಿಕೆ ಇರುವ ಎಲೆ, ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಒಂದೆರಡು ನೇರಳೆ ಹೂ, ಸಂಜೆಗೆ ಬಾಡುತ್ತದೆ. ಸಂದಿಯ ತೀರಾ ಕತ್ತಲೆಯ ಮೂಲೆಯಲ್ಲೂ ಎಲೆಯ ಬಣ್ಣ ಕಳೆಯದೆ ನಿಂತದ್ದು ಇದೊಂದೇ.

ಗ್ಲೋಬಾ ಬೇರೆ ಥರ. ಒಂದೂವರೆ ಎರಡಡಿ ಎತ್ತರ, ತೆಳ್ಳನೆಯ ಕಾಂಡ. ತುದಿಯಲ್ಲಿ ಹೂಗೊಂಚಲು ಕೆಳಗೆ ಬಾಗಿ ತೂಗುತ್ತದೆ. ನೇರಳೆ ಬಣ್ಣದ ಎಲೆಯಂಥ ಪದರಗಳು, ಅವುಗಳ ಸಂದಿಯಿಂದ ಹೊರಬರುವ ಪುಟ್ಟ ಹಳದಿ ಹೂ. ಗಾಳಿ ಬೀಸಿದರೆ ಇಡೀ ಗೊಂಚಲು ಆಡುತ್ತದೆ. ನರ್ಸರಿಗಳಲ್ಲಿ ಸಿಗುವುದು ಹೆಚ್ಚಾಗಿ ಥಾಯ್ಲೆಂಡಿನ ಗ್ಲೋಬಾ ವಿನಿಟಿ. ನಮ್ಮ ಪಶ್ಚಿಮ ಘಟ್ಟದಲ್ಲೂ ಗ್ಲೋಬಾಗಳಿವೆ. ಥಾಯ್ಲೆಂಡಿನಲ್ಲಿ ಆಷಾಢ ಹುಣ್ಣಿಮೆಯ ಹೊತ್ತಿಗೆ ಬೌದ್ಧ ಭಿಕ್ಷುಗಳು ಮಳೆಗಾಲದ ಮೂರು ತಿಂಗಳು ಒಂದೇ ಕಡೆ ನೆಲೆ ನಿಲ್ಲುತ್ತಾರೆ. ಸರಬುರಿ ಅನ್ನುವ ಊರಿನಲ್ಲಿ ಜನ ಆಗ ಕಾಡಿನ ಗ್ಲೋಬಾ ಹೂಗಳನ್ನು ತಂದು ಸಾಲಾಗಿ ಬರುವ ಭಿಕ್ಷುಗಳ ಪಾತ್ರೆಗೆ ಹಾಕುತ್ತಾರೆ. ನಮ್ಮ ಮಠಗಳ ಸ್ವಾಮಿಗಳು ಚಾತುರ್ಮಾಸ್ಯಕ್ಕೆ ಕೂರುವುದೂ ಅದೇ ಹೊತ್ತಿಗೆ. ಅಲ್ಲಿಗೂ ಇಲ್ಲಿಗೂ ಮಳೆ ಒಂದೇ, ಅಲ್ವಾ? ಆ ವಿಷಯ ತಿಳಿದ ಮೇಲೆ ಅತ್ತೆ ಗ್ಲೋಬಾದ ಮೊದಲ ಗೊಂಚಲನ್ನು ದೇವರ ಮನೆಗೇ ಒಯ್ಯುತ್ತಾರೆ. ಈ ಗಿಡಕ್ಕೆ ಇನ್ನೊಂದು ಗುಣವಿದೆ. ಕೆಲವು ಜಾತಿಗಳಲ್ಲಿ ಹೂವಿನ ಜಾಗದಲ್ಲೇ ಸಣ್ಣ ಮರಿಗೆಡ್ಡೆಗಳು ಹುಟ್ಟಿ ಉದುರುತ್ತವೆ. ಬಿದ್ದಲ್ಲೇ ಮುಂದಿನ ವರ್ಷ ಮೊಳೆಯುತ್ತವೆ.

ತೊಂದರೆ ಎರಡೇ. ಒಂದು ಕೊಳೆ. ಹಾಸನ, ಶಿವಮೊಗ್ಗ, ಕೊಡಗಿನ ಶುಂಠಿ ಬೆಳೆಗಾರರನ್ನು ಕೇಳಿ, ಗೆಡ್ಡೆ ಕೊಳೆ ರೋಗ ಎಂಥದ್ದು ಅಂತ ಹೇಳುತ್ತಾರೆ. ಇವೂ ಅದೇ ಕುಟುಂಬ. ಬೆಂಗಳೂರಿನಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರಿನಲ್ಲಿ. ಮಳೆನೀರಿನ ಪೈಪು ಪಾತಿಗೆ ಸುರಿಯುವಂತಿದ್ದರೆ ಅದನ್ನು ಮೊದಲು ಬೇರೆ ಕಡೆ ತಿರುಗಿಸಿ. ಕಾಂಡದ ಬುಡ ಮೆತ್ತಗಾಗಿ ಎಳೆದರೆ ಕೈಗೆ ಬಂದರೆ ಆ ಗೆಡ್ಡೆಯನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದುಬಿಡಬೇಕು. ನೆಡುವಾಗ ಟ್ರೈಕೋಡರ್ಮ (ಕೊಳೆ ರೋಗವನ್ನು ತಡೆಯುವ ಒಂದು ಶಿಲೀಂಧ್ರ) ಬೆರೆಸಿದ ಗೊಬ್ಬರ ಹಾಕುವುದು ಒಳ್ಳೆಯದು. ಇನ್ನೊಂದು ಆಫ್ರಿಕದಿಂದ ಬಂದ ದೊಡ್ಡ ಬಸವನಹುಳು. ಮಳೆಗಾಲದ ರಾತ್ರಿಗಳಲ್ಲಿ ಎಳೆ ಎಲೆಗಳನ್ನು ಮುಗಿಸುತ್ತದೆ. ಟಾರ್ಚ್ ಹಿಡಿದು, ಗ್ಲೌಸ್ ಹಾಕಿಕೊಂಡು ಆರಿಸುವುದೇ ಉಪಾಯ. ಬರಿಗೈಯಲ್ಲಿ ಮುಟ್ಟಬೇಡಿ. ಉಪ್ಪನ್ನೂ ಚೆಲ್ಲಬೇಡಿ, ಮಣ್ಣು ಹಾಳಾಗುತ್ತದೆ.

ಫೆಬ್ರವರಿ, ಮಾರ್ಚ್ ಗೆಡ್ಡೆ ಬಿಡಿಸುವ ಕಾಲ. ಒಂದೊಂದು ತುಂಡಿಗೂ ಒಂದೆರಡು ಕಣ್ಣು ಇರಬೇಕು. ಕತ್ತರಿಸಿದ ಗಾಯ ಒಣಗಲು ಒಂದೆರಡು ದಿನ ನೆರಳಿನಲ್ಲಿಟ್ಟು ಆಮೇಲೆ ನೆಡಿ. ಆದಷ್ಟು ಪರಿಚಯದವರಿಂದ ಇಲ್ಲವೇ ನರ್ಸರಿಯಿಂದ ತನ್ನಿ. ಘಟ್ಟದ ಕಾಡಿಗೆ ಸುತ್ತಾಡಲು ಹೋದಾಗ ಕಿತ್ತು ತರುವುದು ಬೇಡ, ಅಲ್ಲಿಯ ಗ್ಲೋಬಾ, ಕಾಡರಿಶಿನ ಅಲ್ಲೇ ಇರಲಿ. ಹಾಗೆಯೇ ಇಲ್ಲಿ ಮಿಕ್ಕಿದ್ದನ್ನು ಎಲ್ಲೆಂದರಲ್ಲಿ ಎಸೆಯುವುದೂ ಬೇಡ. ಸುರುಳಿ ಸುಗಂಧಿ ಬ್ರೆಜಿಲಿನ ಜೌಗು ನೆಲಗಳಲ್ಲಿ ಹಬ್ಬಿ ಅಲ್ಲಿಯ ಗಿಡಗಳನ್ನು ಹಿಂದಕ್ಕೆ ತಳ್ಳಿದೆ. ಅದರ ಹಳದಿ ಹೂವಿನ ಅಕ್ಕ, ಹಿಮಾಲಯದ ಹೆಡಿಕಿಯಂ ಗಾರ್ಡ್ನೇರಿಯಾನಂ, ಹವಾಯಿ ಮತ್ತು ನ್ಯೂಜಿಲೆಂಡಿನ ಕಾಡುಗಳಿಗೆ ದೊಡ್ಡ ತಲೆನೋವಾಗಿದೆ. ನಮ್ಮ ಕೆರೆಯಂಚು, ರಾಜಕಾಲುವೆಗಳಲ್ಲಿ ಈಗಾಗಲೇ ಬೇಡದ ಗಿಡಗಳು ಸಾಕಷ್ಟಿವೆ. ಹೆಚ್ಚಾದ ಗೆಡ್ಡೆಗಳನ್ನು ನಾನು ಬೀದಿಯವರಿಗೆ ಪೇಪರಿನಲ್ಲಿ ಸುತ್ತಿ ಕೊಡುತ್ತೇನೆ, ಯಾವ ಕಡೆಯ ಸಂದಿ ಅಂತ ಕೇಳಿಕೊಂಡೇ ಕೊಡುತ್ತೇನೆ. ಉತ್ತರದ್ದಾದರೆ ನೆಲಸಂಪಿಗೆ, ಪೂರ್ವದ್ದಾದರೆ ಸುರುಳಿ ಸುಗಂಧಿ. ಪಶ್ಚಿಮದ ಸಂದಿಗೆ ಸಂಜೆಯ ಸುಡುಬಿಸಿಲು ಬೀಳುತ್ತದೆ, ಅಲ್ಲಿಗೆ ಗೋಡೆಯ ಮರೆ ಇದ್ದರೆ ಮಾತ್ರ ಗ್ಲೋಬಾ. ಯಾರೂ ಒಯ್ಯದೆ ಉಳಿದದ್ದನ್ನು ಚೆನ್ನಾಗಿ ಒಣಗಿಸಿ, ಚೂರು ಮಾಡಿ ಕಾಂಪೋಸ್ಟಿಗೆ ಹಾಕಿದರಾಯಿತು.